ಚರಿತ್ರೆಯ ಗತಿ ಮತ್ತು ಶಬ್ದಾರ್ಥ: ಹೂಗ್ಯಂ ಸೀಮೆಯ ಕೆಲವು ಪದಗಳು

ಶಿಲಾಶಾಸನಗಳು ಸವೆಯುತ್ತವೆ, ತಾಮ್ರಪಟಗಳು ಕಳೆದುಹೋಗುತ್ತವೆ, ಕಡತಗಳನ್ನು ಗೆದ್ದಲು ತಿನ್ನುತ್ತದೆ. ಜನರ ನಾಲಗೆಯ ಮೇಲಿರುವ ಶಬ್ದವು ಮಾತ್ರ ಸುಲಭವಾಗಿ ಅಳಿಯುವುದಿಲ್ಲ. ಅದು ತನ್ನ ಅಕ್ಷರಗಳನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು ಅರ್ಥವನ್ನು ಬದಲಿಸಿಕೊಳ್ಳುತ್ತದೆ. ಹೀಗೆ ಅರ್ಥ ಬದಲಾದ ಒಂದೊಂದು ಶಬ್ದದ ಹಿಂದೆಯೂ ಒಂದು ಯುದ್ಧವೋ, ಒಂದು ಕಾಯಿದೆಯೋ, ಒಂದು ಧರ್ಮಜಾಗೃತಿಯೋ, ಒಂದು ದುರಂತವೋ ಇರುವುದುಂಟು. ಅರ್ಥಪಲ್ಲಟದ ಈ ವಿಚಾರವನ್ನು ಪಶ್ಚಿಮದಲ್ಲಿ ಶಾಸ್ತ್ರವಾಗಿ ನಿಲ್ಲಿಸಿದವನು ಫ್ರಾನ್ಸಿನ ಮಿಶೆಲ್ ಬ್ರೆಯಾಲ್. ಅವನ ಗ್ರಂಥ 1897ರಲ್ಲಿ ಪ್ರಕಟವಾಯಿತು. ಅರ್ಥಸಂಕೋಚ, ಅರ್ಥವಿಸ್ತಾರ, ಉತ್ಕರ್ಷ, ಅಪಕರ್ಷ ಎಂದು ವಿದ್ವಾಂಸರು ಇದನ್ನು ವಿಭಾಗಿಸಿ ಹೇಳುತ್ತಾರೆ. ಆದರೆ ಈ ವಿಭಾಗಗಳು ಬದಲಾವಣೆಯ ರೂಪವನ್ನು ತಿಳಿಸುತ್ತವೆಯೇ ಹೊರತು ಕಾರಣವನ್ನು ತಿಳಿಸುವುದಿಲ್ಲ. ಕಾರಣವನ್ನು ಚರಿತ್ರೆಯಲ್ಲಿಯೇ ಅರಸಬೇಕು.

ಇದಕ್ಕೆ ಸ್ಪೇನ್ ದೇಶದ ಭಾಷೆ ಒಂದು ಒಳ್ಳೆಯ ನಿದರ್ಶನ. ಕ್ರಿ.ಶ. 711ರಲ್ಲಿ ಅರಬ್ಬರು ಆ ದೇಶವನ್ನು ಹೊಕ್ಕರು. 1492ರಲ್ಲಿ ಗ್ರನಾಡದ ಪತನದೊಂದಿಗೆ ಅವರ ಪ್ರಭುತ್ವ ಮುಗಿಯಿತು. ಪ್ರಭುತ್ವ ಹೋದರೂ ಅದರ ಅಧಿಕಾರಪದಗಳು ಉಳಿದವು. ಅರಬ್ಬಿಯ ‘ಅಲ್-ಖಾದಿ’ ಎಂದರೆ ನ್ಯಾಯಾಧೀಶ, ಕನ್ನಡಿಗರು ಖಾಜಿ ಎಂದು ಬಲ್ಲ ಶಬ್ದವೇ ಅದು. ಸ್ಪಾನಿಷ್ ಭಾಷೆಯಲ್ಲಿ ಅದು ‘ಅಲ್ಕಾಲ್ದೆ’ ಎಂದಾಗಿ ಇಂದು ಪುರಾಧ್ಯಕ್ಷನನ್ನು ಸೂಚಿಸುತ್ತದೆ. ‘ಅಲ್-ವಜೀರ್’ ಎಂಬುದು ಮಂತ್ರಿಯ ಪದವಿ. ಅದು ‘ಅಲ್ಗ್ವಾಸಿಲ್’ ಎಂದಾಗಿ ನ್ಯಾಯಾಲಯದ ಜವಾನನ ಮಟ್ಟಕ್ಕೆ ಇಳಿಯಿತು. ಒಂದು ಸಾಮ್ರಾಜ್ಯದ ಮಂತ್ರಿ ಇನ್ನೊಂದು ಸಾಮ್ರಾಜ್ಯದಲ್ಲಿ ಜವಾನನಾದ ಕಥೆಯನ್ನು ಈ ಒಂದು ಶಬ್ದವೇ ಹೇಳುತ್ತದೆ. 1808ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನನ್ನು ಆಕ್ರಮಿಸಿದಾಗ ಅಲ್ಲಿನ ಜನ ಗುಡ್ಡಗಾಡುಗಳಲ್ಲಿ ಅಡಗಿ ಹೋರಾಡಿದರು. ‘ಸಣ್ಣ ಯುದ್ಧ’ ಎಂಬಷ್ಟೇ ಅರ್ಥವಿದ್ದ ‘ಗೆರಿಲ್ಲಾ’ ಎಂಬ ಶಬ್ದ ಅಂದಿನಿಂದ ಒಂದು ಬಗೆಯ ಸಮರಕ್ಕೂ ಆ ಸಮರ ಮಾಡುವವನಿಗೂ ಹೆಸರಾಗಿ ಲೋಕದ ಭಾಷೆಗಳನ್ನೆಲ್ಲ ಸುತ್ತಿ ಕನ್ನಡಕ್ಕೂ ಬಂದಿತು.

ಇಂಥ ಸಂಗತಿಗಳನ್ನು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ದಕ್ಷಿಣದಂಚಿನಲ್ಲಿ, ಮಲೆಯ ಮಹದೇಶ್ವರನ ಬೆಟ್ಟಗಳ ಸಾಲಿನಲ್ಲಿ ಹೂಗ್ಯಂ ಎಂಬ ಗ್ರಾಮವಿದೆ. ಅದರ ಸುತ್ತ ಮೀಣ್ಯಂ, ಮಾರ್ಟಳ್ಳಿ, ರಾಮಾಪುರ, ಒಡೆಯರಪಾಳ್ಯ, ಸುಳವಾಡಿ ಮೊದಲಾದ ಊರುಗಳು ಹರಡಿವೆ. ಕನ್ನಡ, ತಮಿಳು, ಸೋಲಿಗರ ನುಡಿ ಇವು ಮೂರೂ ಇಲ್ಲಿ ಬೆರೆತಿವೆ. ಬೇರೆ ಬೇರೆ ಪ್ರಭುತ್ವಗಳು ಒಂದರ ಮೇಲೊಂದು ಈ ನೆಲದ ಮೇಲೆ ತಮ್ಮ ಮುದ್ರೆಯೊತ್ತಿವೆ. ಆದಕಾರಣ ಕೊಳ್ಳೇಗಾಲ, ಹನೂರು, ಯಳಂದೂರುಗಳ ಈ ಸೀಮೆಯನ್ನು ಶಬ್ದಾರ್ಥದ ಚರಿತ್ರೆಗೆ ಒಂದು ಪ್ರಯೋಗಶಾಲೆಯೆಂದರೂ ಸಲ್ಲುತ್ತದೆ.

ಮೊದಲು ರಾಜಕೀಯ ಇತಿಹಾಸವನ್ನು ಸಂಗ್ರಹವಾಗಿ ನೋಡಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ಕೊಯಮತ್ತೂರು ಪ್ರಾಂತವು ಇಂಗ್ಲಿಷ್ ಕಂಪನಿಯ ವಶವಾಯಿತು. ಅದರೊಡನೆ ಕೊಳ್ಳೇಗಾಲವೂ, ಅದಕ್ಕೆ ಸೇರಿದ ಹನೂರು, ಹೂಗ್ಯಂ, ಮಹದೇಶ್ವರನ ಬೆಟ್ಟಗಳೂ ಮದ್ರಾಸಿಗೆ ಸೇರಿದವು. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲಿಯೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೀಗೆ ಒಂದೇ ನುಡಿಯನ್ನಾಡುವ, ಒಂದೇ ದೇವರಿಗೆ ನಡೆದುಕೊಳ್ಳುವ ಜನರ ನಡುವೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಎಲ್ಲೆಯ ಗೆರೆಯೊಂದು ಹಾದುಹೋಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಮರಳಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚಿತವಾಯಿತು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದಾಗಿ, ಹೂಗ್ಯಂ ಈಗ ಅದಕ್ಕೆ ಸೇರಿದೆ.

ಈ ಗೆರೆ ನೆಲವನ್ನಲ್ಲದೆ ಶಬ್ದಕೋಶವನ್ನೂ ಇಬ್ಭಾಗ ಮಾಡಿತು. ಗೆರೆಯ ಈಚೆಗೆ, ಮೈಸೂರಿನ ಕಡೆ, ತಾಲ್ಲೂಕಿನ ಮುಖ್ಯಾಧಿಕಾರಿ ಅಮಲ್ದಾರ. ಆಚೆಗೆ, ಮದ್ರಾಸಿನ ಕಡೆ, ಅವನೇ ತಹಶೀಲ್ದಾರ. ಈಚೆ ಹೋಬಳಿ, ಆಚೆ ಫಿರ್ಕಾ. ಈಚೆ ಶಾನುಭೋಗ, ಆಚೆ ಕರ್ಣಂ. ಈಚೆ ಪಟೇಲ, ಆಚೆ ಗ್ರಾಮ ಮುನಸೀಫ. ಈಚೆ ಡೆಪ್ಯುಟಿ ಕಮಿಷನರು, ಆಚೆ ಕಲೆಕ್ಟರು. ಎರಡೂ ಕಡೆಯ ರೈತ ಕೊಟ್ಟದ್ದು ಒಂದೇ ಕಂದಾಯ. ಅದನ್ನು ಪಡೆದವನ ಹೆಸರು ಮಾತ್ರ ಬೇರೆ.

ಈ ಪದಗಳ ಮೂಲವನ್ನು ನೋಡಿದರೆ ಸ್ವಾರಸ್ಯಕರವಾದ ಸಂಗತಿಗಳು ಹೊರಬೀಳುತ್ತವೆ. ‘ಶಾನುಭೋಗ’ ಎಂಬುದು ಹಳೆಯ ಶಾಸನಗಳ ‘ಸೇನಬೋವ’. ‘ಕರ್ಣಂ’ ಎಂಬುದು ‘ಕರಣ’, ‘ಕರಣಿಕ’ ಎಂಬ ಪದಗಳ ಬಂಧು. ಬಸವಣ್ಣನವರು ಬಿಜ್ಜಳನ ಅರಮನೆಯಲ್ಲಿ ಮೊದಲು ಹಿಡಿದದ್ದು ಕರಣಿಕ ವೃತ್ತಿಯನ್ನೆಂದು ಸಂಪ್ರದಾಯ ಹೇಳುತ್ತದೆ. ಕಲ್ಯಾಣದ ಅರಮನೆಯ ಲೆಕ್ಕದ ಪದ ಕೊಳ್ಳೇಗಾಲದ ಹಳ್ಳಿಯ ಲೆಕ್ಕದ ಪುಸ್ತಕದವರೆಗೆ ನಡೆದುಬಂದಿತು. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1961ರಲ್ಲಿ ಆಗಿ, 1963ರಲ್ಲಿ ಜಾರಿಗೆ ಬಂದಾಗ ಶಾನುಭೋಗನ ವಂಶಪಾರಂಪರ್ಯ ಹುದ್ದೆ ಹೋಯಿತು. ಗ್ರಾಮಲೆಕ್ಕಿಗನೆಂಬ ಹೊಸ ಹುದ್ದೆ ಬಂದಿತು. ಇಂದು ಶಾನುಭೋಗ, ಪಟೇಲ ಎಂಬವು ಮನೆತನದ ಹೆಸರುಗಳಾಗಿ ಉಳಿದಿವೆ. ಅಧಿಕಾರ ಹೋದ ಮೇಲೆ ಅಧಿಕಾರಪದವು ಮನೆಹೆಸರಾಗುವುದು ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ.

‘ಅಮಲು’ ಶಬ್ದದ ಗತಿ ಇನ್ನೂ ವಿಚಿತ್ರವಾದುದು. ಅರಬ್ಬಿಯಲ್ಲಿ ಅದರ ಅರ್ಥ ಕೆಲಸ, ಕಾರ್ಯ. ಪಾರಸಿ, ಹಿಂದುಸ್ತಾನಿ, ಮರಾಠಿಗಳ ಮಾರ್ಗವಾಗಿ ಕನ್ನಡಕ್ಕೆ ಬರುವಷ್ಟರಲ್ಲಿ ಅದು ಅಧಿಕಾರ, ಆಳ್ವಿಕೆ ಎಂಬ ಅರ್ಥವನ್ನೂ, ಮತ್ತು ಎಂಬ ಅರ್ಥವನ್ನೂ ಪಡೆದಿತ್ತು. ಅಮಲ್ದಾರನೆಂದರೆ ಕಾರ್ಯ ನಡೆಸುವವನು. ಏಕೀಕರಣದ ಅನಂತರ ಹುದ್ದೆಯ ಹೆಸರು ತಹಶೀಲ್ದಾರ ಎಂದಾಗಿ, ಅಮಲ್ದಾರ ಎಂಬ ಪದ ಬಳಕೆಯಿಂದ ಜಾರಿತು. ಈಗ ಸಾಮಾನ್ಯ ಜನರಿಗೆ ಅಮಲು ಎಂದರೆ ಮದವೇರಿಸುವ ಮತ್ತು ಮಾತ್ರ. ಕೆಲಸವು ಅಧಿಕಾರವಾಗಿ, ಅಧಿಕಾರವು ಮದವಾಗಿ ಪರಿಣಮಿಸಿದ ಕ್ರಮವನ್ನು ಇಷ್ಟು ಸಂಕ್ಷೇಪವಾಗಿ ಯಾವ ನೀತಿಗ್ರಂಥವೂ ಹೇಳಲಾರದು. ಜಹಗೀರು ಎಂಬ ಪದವೂ ಹೀಗೆಯೇ. ಯಳಂದೂರಿನಲ್ಲಿ ಅದೊಂದು ನಿಜವಾದ ಭೂಸಂಬಂಧವಾಗಿತ್ತು, ಅದಕ್ಕೆ ಒಡೆಯನಿದ್ದ, ಒಕ್ಕಲಿದ್ದರು. ಇಂದು ‘ಇದೇನು ಅವರಪ್ಪನ ಜಹಗೀರೇ?’ ಎಂಬ ಬೈಗುಳದಲ್ಲಿ ಮಾತ್ರ ಅದು ಜೀವಂತವಾಗಿದೆ.

ಎಲ್ಲೆಯ ಮಾತು ಬಂದಾಗ ‘ಸೀಮೆ’ ಎಂಬ ಶಬ್ದವನ್ನು ಬಿಡುವಂತಿಲ್ಲ. ಸಂಸ್ಕೃತದಲ್ಲಿ ಸೀಮಾ ಎಂದರೆ ಎಲ್ಲೆ. ಕನ್ನಡದಲ್ಲಿ ಅದು ಎಲ್ಲೆಯೊಳಗಿನ ನಾಡನ್ನು ಸೂಚಿಸತೊಡಗಿತು. ಆಂಗ್ಲರ ಆಳ್ವಿಕೆಯಲ್ಲಿ ಹಡಗಿನಿಂದ ಬಂದಿಳಿದ ಸರಕುಗಳಿಗೆಲ್ಲ ಅದು ಅಂಟಿಕೊಂಡಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಇಲ್ಲಿ ಸೀಮೆಯೆಂದರೆ ಎಲ್ಲೆಯಲ್ಲ, ನಾಡೂ ಅಲ್ಲ, ಕಡಲಾಚೆಯ ಪರದೇಶ. ಊರಿನ ಅಂಚನ್ನು ಸೂಚಿಸುತ್ತಿದ್ದ ಶಬ್ದ ಭೂಮಿಯ ಇನ್ನೊಂದು ಅಂಚಿಗೆ ಹೋಗಿ ನಿಂತಿತು. ಪೋರ್ಚುಗೀಸರಿಂದ ಬಂದ ‘ಮೇಸ್ತ್ರಿ’, ಇಂಗ್ಲಿಷಿನಿಂದ ಬಂದ ‘ಮೇಷ್ಟ್ರು’ ಎರಡೂ ಲ್ಯಾಟಿನ್ನಿನ ಒಂದೇ ಪದದ ಮಕ್ಕಳು. ಸ್ಪಾನಿಷ್ ಭಾಷೆಯ ‘ಮಯೆಸ್ತ್ರೊ’ ಎಂಬುದೂ ಅವುಗಳ ಒಡಹುಟ್ಟು. ಸ್ಪೇನಿನಲ್ಲಿ ಒಂದೇ ಶಬ್ದ ಶಾಲೆಯ ಗುರುವಿಗೂ ನುರಿತ ಕಸುಬುಗಾರನಿಗೂ ಸಲ್ಲುತ್ತದೆ. ಕನ್ನಡದಲ್ಲಿ ಅದೇ ಪದ ಎರಡು ಬಾಗಿಲಿನಿಂದ ಬಂದು, ಒಬ್ಬನನ್ನು ಶಾಲೆಯಲ್ಲಿ ಕೂರಿಸಿತು, ಇನ್ನೊಬ್ಬನನ್ನು ಕಲ್ಲುಗಾರೆಯ ಕೆಲಸಕ್ಕೆ ನಿಲ್ಲಿಸಿತು.

ಊರ ಹೆಸರುಗಳಲ್ಲಿಯೂ ಇಂಥ ಇತಿಹಾಸ ಅಡಗಿದೆ. ಪಾಳೆಯ ಎಂದರೆ ಸೈನ್ಯದ ಬೀಡು. ಬೀಡುಬಿಟ್ಟ ದಂಡಿನ ನಾಯಕ ಪಾಳೆಯಗಾರನಾದ. ಕಾಲಾನಂತರದಲ್ಲಿ ಪಾಳೆಯಗಾರಿಕೆ ಎಂದರೆ ಯಾರ ಮಾತನ್ನೂ ಕೇಳದ ದರ್ಪ ಎಂದಾಯಿತು. ದಂಡು ಹೋದಲ್ಲಿ ಒಕ್ಕಲು ನಿಂತು ಪಾಳ್ಯವೆಂಬುದು ಊರಾಯಿತು. ಕೊಳ್ಳೇಗಾಲದ ಪಾಳ್ಯವೂ ಹನೂರಿನ ಒಡೆಯರಪಾಳ್ಯವೂ ಅಂಥ ಹೆಸರುಗಳು. ಒಡೆಯ ಎಂಬ ಮಾತು ಆಳುವ ದೊರೆಗೂ, ಶರಣರ ಬಾಯಲ್ಲಿ ಶಿವನಿಗೂ, ವೀರಶೈವ ಸಮಾಜದಲ್ಲಿ ಪೂಜ್ಯರಾದ ಜಂಗಮರಿಗೂ ಸಲ್ಲುತ್ತಿತ್ತು. ಒಡೆಯರಪಾಳ್ಯದ ಬಳಿಯಲ್ಲಿ 1970ರ ದಶಕದಲ್ಲಿ ತಾಯ್ನಾಡನ್ನು ಕಳೆದುಕೊಂಡ ಟಿಬೆಟ್ಟಿನ ನಿರಾಶ್ರಿತರಿಗೆ ವಸತಿ ಕಲ್ಪಿಸಲಾಯಿತು. ಬೀಡು ಎಂಬ ಮೂಲಾರ್ಥವುಳ್ಳ ಹೆಸರಿನ ನೆರೆಯಲ್ಲಿ ಇನ್ನೊಂದು ಬೀಡು ಬಂದು ನಿಂತಿತು. ಈ ಬಾರಿ ಬಂದವರು ದಂಡಿನವರಲ್ಲ, ದಂಡಿನಿಂದ ತಪ್ಪಿಸಿಕೊಂಡು ಬಂದವರು.

ಇಷ್ಟೂ ಅರಸರ ಮತ್ತು ಅಧಿಕಾರಿಗಳ ಇತಿಹಾಸ. ಇದಕ್ಕಿಂತ ಆಳವಾದ ಅರ್ಥಪಲ್ಲಟವನ್ನು ಕನ್ನಡದಲ್ಲಿ ಉಂಟುಮಾಡಿದುದು ಹನ್ನೆರಡನೆಯ ಶತಮಾನದ ಶರಣರ ಚಳವಳಿ. ಕಾಯಕ ಎಂಬ ಪದದ ಮೂಲದಲ್ಲಿರುವುದು ಕಾಯ, ಎಂದರೆ ಮೈ. ಮಾತಿನಿಂದ ಆಗುವುದು ವಾಚಿಕ, ಮನಸ್ಸಿನಿಂದ ಆಗುವುದು ಮಾನಸಿಕ, ಮೈಯಿಂದ ಆಗುವುದು ಕಾಯಿಕ. ಈ ಮೂರರಲ್ಲಿ ಮೈದುಡಿಮೆಗೆ ಕೊನೆಯ ಸ್ಥಾನವಿದ್ದ ಸಮಾಜದಲ್ಲಿ ಶರಣರು ಅದಕ್ಕೆ ಪೂಜೆಯ ಸ್ಥಾನ ಕೊಟ್ಟರು. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬ ಪ್ರಸಂಗ ಸುಪ್ರಸಿದ್ಧವಾಗಿದೆ. ಕಾಯಕವೆಂದರೆ ಬರಿಯ ದುಡಿಮೆಯಲ್ಲ, ಅಳತೆಯರಿತ ದುಡಿಮೆ ಎಂಬುದು ಈ ಪ್ರಸಂಗದ ಸಾರ. ದಾಸೋಹವೂ ಮೂಲತಃ ಒಂದು ಹೆಸರಲ್ಲ, ಒಂದು ವಾಕ್ಯ. ‘ದಾಸಃ ಅಹಂ’, ದಾಸನು ನಾನು ಎಂಬ ಅರಿಕೆ. ಕೊಡುವವನು ತನ್ನನ್ನು ದಾತನೆಂದು ಭಾವಿಸದೆ ಸೇವಕನೆಂದು ಭಾವಿಸುವುದೇ ಅದರ ಪ್ರಾಣ. ಹೀಗೆ ಒಂದು ವಾಕ್ಯವು ನಾಮಪದವಾಗಿ, ಆ ನಾಮಪದವು ಒಂದು ಆಚರಣೆಯಾಯಿತು. ಜಂಗಮವೆಂದರೆ ಚಲಿಸುವುದು. ನಿಂತ ಸ್ಥಾವರಕ್ಕಿಂತ ನಡೆಯುವ ಜೀವವೇ ದೇವರ ನಿಜವಾದ ನೆಲೆ ಎಂಬ ದರ್ಶನದಲ್ಲಿ ಅದು ಪರಮಪದವಾಯಿತು. ಮುಂದೆ ಮಠಗಳು ಬೆಳೆದಂತೆ ಒಂದು ಗುರುವರ್ಗದ ಹೆಸರಾಯಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ಕಿಸೆಯಲ್ಲಿಟ್ಟುಕೊಂಡು ತಿರುಗುವ ದೂರವಾಣಿಗೆ ಜಂಗಮವಾಣಿ ಎಂದು ಕೆಲವರು ಹೆಸರಿಟ್ಟರು. ಎಂಟುನೂರು ವರ್ಷಗಳ ಪಯಣದಲ್ಲಿ ಈ ಶಬ್ದ ಚಲನೆಯ ಮೂಲಾರ್ಥಕ್ಕೆ ಮರಳಿ ಬಂದಂತಾಯಿತು.

1167ರ ಸುಮಾರಿನಲ್ಲಿ ಬಿಜ್ಜಳನ ಅಂತ್ಯವಾಗಿ ಶರಣರು ಚದುರಿದ ಮೇಲೆ ‘ಕಲ್ಯಾಣ’ ಎಂಬ ಪದವೂ ಹಳೆಯ ಕಲ್ಯಾಣವಾಗಿ ಉಳಿಯಲಿಲ್ಲ. ಮಂಗಳ, ಮದುವೆ ಎಂಬ ಅರ್ಥಗಳ ಜೊತೆಗೆ, ಚಾಲುಕ್ಯರ ರಾಜಧಾನಿಯೆಂಬ ಅರ್ಥದ ಜೊತೆಗೆ, ಒಡೆದುಹೋದ ಒಂದು ಕನಸಿನ ನೆನಪೂ ಅದಕ್ಕೆ ಸೇರಿತು. ಕೊಳ್ಳೇಗಾಲದ ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ಕಲ್ಯಾಣ ಈ ಬಗೆಯದು. ಅದು ಭೂಪಟದ ಊರಲ್ಲ, ಪರೀಕ್ಷೆಗೊಳಗಾದ ಧರ್ಮದ ಊರು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಮರುನಾಮಕರಣ ಮಾಡಿದಾಗ ನಿಜಾಮರ ಆಳ್ವಿಕೆಯ ಗುರುತನ್ನು ತೆಗೆದು ಶರಣರ ಗುರುತನ್ನು ಇಡಲಾಯಿತು. ಇನ್ನು ‘ಕಲ್ಯಾಣ ಕ್ರಾಂತಿ’ ಎಂಬ ಮಾತಿನಲ್ಲಿರುವ ಕ್ರಾಂತಿ ಎಂಬ ಶಬ್ದಕ್ಕೆ ಹಿಂದೆ ನಡೆ, ದಾಟುವಿಕೆ, ಸೂರ್ಯನ ಪಥ ಎಂಬ ಅರ್ಥಗಳಿದ್ದವು. ಸಂಕ್ರಾಂತಿಯಲ್ಲಿ ಅದು ಇಂದಿಗೂ ಉಳಿದಿದೆ. ರಾಜ್ಯವ್ಯವಸ್ಥೆಯ ಬುಡಮೇಲೆಂಬ ಅರ್ಥ ಬಂದದ್ದು ಆಧುನಿಕ ಕಾಲದಲ್ಲಿ. ಇಂದಿನ ಅರ್ಥವನ್ನು ಅಂದಿನ ಘಟನೆಯ ಮೇಲೆ ಹೇರುವಾಗ ಚರಿತ್ರಕಾರನು ಎಚ್ಚರದಿಂದಿರಬೇಕು.

ಮಲೆಯ ಮಹದೇಶ್ವರನ ಪರಂಪರೆಯಲ್ಲಿಯೂ ಇಂಥ ಪದಗಳಿವೆ. ಮಾದಪ್ಪನ ಕಾವ್ಯವನ್ನು ಹಾಡುವವರು ದೇವರ ಗುಡ್ಡರು. ಸಾಮಾನ್ಯ ಕನ್ನಡಿಗನಿಗೆ ಗುಡ್ಡವೆಂದರೆ ಸಣ್ಣ ಬೆಟ್ಟ. ಆದರೆ ಶ್ರವಣಬೆಳಗೊಳದ ಜೈನ ಶಾಸನಗಳಲ್ಲಿ ಗುಡ್ಡ, ಗುಡ್ಡಿ ಎಂಬ ಪದಗಳು ಗುರುವಿನ ಗೃಹಸ್ಥ ಶಿಷ್ಯರನ್ನು ಸೂಚಿಸುತ್ತವೆ. ಜೈನಧರ್ಮದ ಪ್ರಾಬಲ್ಯ ಕುಗ್ಗಿದ ಮೇಲೆ ಶಿಷ್ಟಭಾಷೆಯಿಂದ ಈ ಅರ್ಥ ಮರೆಯಾಯಿತು. ಕಾಡಿನಂಚಿನ ಶೈವ ಗಾಯಕರ ಹೆಸರಿನಲ್ಲಿ ಮಾತ್ರ ಅದು ಉಳಿದುಕೊಂಡಿತು. ಅವರ ಕೈಯ ಕಂಚಿನ ತಾಳಕ್ಕೆ ಕಂಸಾಳೆ ಎಂದು ಹೆಸರು. ವಾದ್ಯದ ಹೆಸರೇ ಕಲೆಗೂ ಕಲಾವಿದರಿಗೂ ಬಂದಿತು. ಇವರು ಹಾಡುವ ಕಥೆಯಲ್ಲಿ ಶ್ರವಣನೆಂಬ ದೊರೆ ದೇವತೆಗಳನ್ನೇ ಸೆರೆಹಿಡಿದು ಚಾಕರಿಗೆ ಹಚ್ಚುತ್ತಾನೆ. ಅವರನ್ನು ಬಿಡಿಸುವುದೇ ಮಾದಪ್ಪನ ಮಹತ್ಕಾರ್ಯ. ಕೂಲಿಯಿಲ್ಲದ ದುಡಿಮೆಯ ಸಂಕಟ ಈ ಸೀಮೆಯ ಪುರಾಣದ ಕೇಂದ್ರದಲ್ಲಿಯೇ ಇದೆ ಎಂಬುದು ಗಮನಾರ್ಹ.

ಆ ಸಂಕಟಕ್ಕೆ ಹಳೆಗನ್ನಡದಲ್ಲಿದ್ದ ಹೆಸರು ಬಿಟ್ಟಿ. ಸಂಸ್ಕೃತದ ವಿಷ್ಟಿಯೇ ಕನ್ನಡದ ಬಿಟ್ಟಿ. ಪ್ರಭುವಿಗೆ ಪ್ರಜೆ ಸಲ್ಲಿಸಲೇಬೇಕಾದ ಕೂಲಿಯಿಲ್ಲದ ಕೆಲಸವದು. ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿ ಅದು ಬರುತ್ತದೆ. ಇಂದು ಬಿಟ್ಟಿ ಎಂದರೆ ಪುಕ್ಕಟೆ, ಬೆಲೆ ಕೊಡದೆ ಸಿಕ್ಕುವುದು. ಪದ ಒಂದೇ, ನೋಟ ಮಾತ್ರ ತಲೆಕೆಳಗು. ಹಿಂದೆ ಅದು ಕೊಟ್ಟವನ ಬಾಯಿಯ ಮಾತು, ಈಗ ಪಡೆದವನ ಕುರಿತು ಆಡುವ ಮಾತು. ಬಿಟ್ಟಿ ಚಾಕರಿ ಎಂಬ ಜೋಡುನುಡಿಯಲ್ಲಿ ಮಾತ್ರ ಹಳೆಯ ನೋವು ಹೆಪ್ಪುಗಟ್ಟಿ ಉಳಿದಿದೆ. ಜೀತ ಎಂಬುದರ ಗತಿಯೂ ಇಂಥದೇ. ಜೀವಿತವೇ ಜೀತ, ಅದರ ಮೊದಲ ಅರ್ಥ ಬದುಕಿಗೆ ಆಧಾರವಾದ ಸಂಬಳ, ಸೇವೆಗೆ ಪ್ರತಿಯಾಗಿ ದೊರೆತ ಉಂಬಳಿ. ಸಾಲದ ಸರಪಳಿಗೆ ಸಿಕ್ಕಿದ ಆಳುಗಳ ಬಾಳಿನಲ್ಲಿ ಸಂಬಳವೆಂಬ ಪದವೇ ದಾಸ್ಯದ ಹೆಸರಾಯಿತು. 1976ರ ಕಾಯಿದೆ ನಿಷೇಧಿಸಿದ್ದು ಈ ಎರಡನೆಯ ಅರ್ಥದ ಜೀತವನ್ನು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಕಾಡಿಗೂ ಕಾಯಿದೆ ಬಂದಿತು. ಮದ್ರಾಸಿನ ಅರಣ್ಯ ಕಾಯಿದೆ 1882ರದು. ಸರ್ಕಾರವು ತನಗಾಗಿ ಎತ್ತಿಟ್ಟುಕೊಂಡ ಕಾಡಿಗೆ ಕನ್ನಡದಲ್ಲಿ ದೊರೆತ ಹೆಸರು ಮೀಸಲು ಅರಣ್ಯ. ಮೀಸಲೆಂಬುದು ಭಕ್ತಿಯ ಲೋಕದ ಶಬ್ದ. ಯಾರೂ ಮುಟ್ಟದಂತೆ, ಎಂಜಲಾಗದಂತೆ ದೇವರಿಗಾಗಿ ತೆಗೆದಿಟ್ಟ ಮೊದಲ ಪಾಲು ಅದು. ಕಾಯಿದೆಯ ಕಾಲದಲ್ಲಿ ದೇವರ ಸ್ಥಾನದಲ್ಲಿ ಸರ್ಕಾರ ಬಂದು ಕುಳಿತಿತು. ಮುಟ್ಟಬಾರದೆಂಬ ನಿಷೇಧ ಉಳಿಯಿತು, ಅರ್ಪಿಸುವವನ ಇಚ್ಛೆ ಮಾತ್ರ ಉಳಿಯಲಿಲ್ಲ. ಆದರೆ ಶಬ್ದದ ಪಯಣ ಅಲ್ಲಿಗೆ ಮುಗಿಯಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಚಾರ ಬಲಗೊಂಡಿತು. ಮುಂದೆ ಸಂವಿಧಾನವೂ ಅದನ್ನು ಎತ್ತಿಹಿಡಿಯಿತು. ಅದಕ್ಕೆ ಕನ್ನಡದಲ್ಲಿ ಬಂದ ಹೆಸರು ಮೀಸಲಾತಿ. ಒಂದು ಕಡೆ ಕಾಡಿನ ಮಕ್ಕಳಿಂದ ಕಾಡನ್ನು ದೂರವಿಟ್ಟ ಶಬ್ದವೇ ಇನ್ನೊಂದು ಕಡೆ ದೂರವಿಟ್ಟವರನ್ನು ಹತ್ತಿರ ಕರೆಯುವ ಶಬ್ದವಾಯಿತು. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಹಕ್ಕುಗಳು ದೊರೆತವು. ಹಕ್ಕು ಎಂಬ ಪದದ ಅರಬ್ಬೀ ಮೂಲಕ್ಕೆ ಸತ್ಯ ಎಂಬ ಅರ್ಥವೂ ಇದೆ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಬಳೆ, ದುಂಡಗಿನ ಸುತ್ತು ಎಂಬ ಅರ್ಥದ ‘ವಲಯ’ ಅರಣ್ಯ ಇಲಾಖೆಯ ಒಂದು ಆಡಳಿತ ವಿಭಾಗವಾಯಿತು. ಹೂಗ್ಯಂ ಈಗ ಅಂಥ ಒಂದು ವಲಯದ ಹೆಸರು. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಿತವಾಯಿತು. ಇಂಥ ತಾಣಗಳಿಗೆ ಕನ್ನಡ ಪತ್ರಿಕೆಗಳು ಬಳಸುವ ಇನ್ನೊಂದು ಪದ ಅಭಯಾರಣ್ಯ. ಅಭಯ ಕೊಡುವುದು ದೇವರ ಹಸ್ತ, ಅಥವಾ ಶರಣು ಬಂದವನಿಗೆ ಅರಸನ ಮಾತು. 2025ರ ಜೂನ್ ತಿಂಗಳಲ್ಲಿ ಇದೇ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷದಿಂದ ಸತ್ತು ಬಿದ್ದುವು. ಅಭಯವೆಂಬ ಶಬ್ದ ಫಲಕದ ಮೇಲಿರುವುದೇ ಬೇರೆ, ನೆಲದ ಮೇಲಿರುವುದೇ ಬೇರೆ ಎಂಬುದನ್ನು ಆ ಘಟನೆ ತೋರಿಸಿಕೊಟ್ಟಿತು.

ಈ ಕಾಡು ಮನುಷ್ಯರಿಗೂ ಅಭಯ ಕೊಡದಿದ್ದ ಕಾಲವೊಂದಿತ್ತು. ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಎಂಬ ಗಂಧ ಮತ್ತು ದಂತಗಳ ಕಳ್ಳ ಈ ಬೆಟ್ಟಗಳನ್ನು ದಶಕಗಳ ಕಾಲ ನಡುಗಿಸಿದನು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ, ಶಕೀಲ್ ಅಹಮದ್ ಮತ್ತು ಅವರ ಜೊತೆಗಾರರು ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದರು. 2004ರ ಅಕ್ಟೋಬರ್ 18ರಂದು ಅವನು ಹತನಾಗುವವರೆಗೆ ಈ ಊರುಗಳ ಜನ ಎರಡು ಭಯಗಳ ನಡುವೆ ಬದುಕಿದರು. ವಿಶೇಷ ಕಾರ್ಯಪಡೆಯ ಮೇಲಿನ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು. ಅದರ ಮುಂದೆ ಹೇಳಿಕೆ ಕೊಟ್ಟ ಗ್ರಾಮಸ್ಥರು, ಬೆಟ್ಟದ ಮೇಲಿನ ಶಿಬಿರದಲ್ಲಿ ತಮ್ಮನ್ನು ಹಿಂಸಿಸಿದರೆಂದು ಹೇಳಿದ ಜಾಗವನ್ನು ‘ವರ್ಕ್‌ಶಾಪ್’ ಎಂಬ ಹೆಸರಿನಿಂದ ಕರೆದರು. ಸಂತ್ರಸ್ತರಿಗೆ ಪರಿಹಾರ ನೀಡುವಂತೆ ಆಯೋಗವು 2007ರಲ್ಲಿ ಸೂಚಿಸಿತು. ಪರಿಹಾರಕ್ಕೆ ಒಂದು ಲೆಕ್ಕವುಂಟು. ಒಂದು ಶಬ್ದಕ್ಕಾದ ಗಾಯಕ್ಕೆ ಲೆಕ್ಕವಿಲ್ಲ. ನಾಡಿನ ಬೇರೆ ಕಡೆಗಳಲ್ಲಿ ವರ್ಕ್‌ಶಾಪ್ ಎಂದರೆ ದುಡಿಯುವ ಮನೆ, ಕಾರ್ಯಾಗಾರ. ಶರಣರ ಭಾಷೆಯಲ್ಲಿ ಹೇಳುವುದಾದರೆ ಕಾಯಕದ ಮನೆ. ಇಲ್ಲಿ ಕೆಲವರ ನೆನಪಿನಲ್ಲಿ ಅದು ಕಾಯವನ್ನೇ ನೋಯಿಸಿದ ಮನೆ.

ಇನ್ನೊಂದು ಪದಕ್ಕೆ ಬಿದ್ದ ಪೆಟ್ಟು ಇನ್ನೂ ಹಸಿಯಾಗಿದೆ. ಪ್ರಸಾದವೆಂದರೆ ಮೊದಲು ತಿಳಿತನ, ಪ್ರಸನ್ನತೆ. ಬಳಿಕ ದೇವರ ಅನುಗ್ರಹ. ಬಳಿಕ ಆ ಅನುಗ್ರಹದ ಗುರುತಾಗಿ ಸ್ವೀಕರಿಸುವ ಆಹಾರ. ವೀರಶೈವದಲ್ಲಿ ಅದು ಅಷ್ಟಾವರಣಗಳಲ್ಲಿ ಒಂದು. ಹಸ್ತಕ್ಕೆ ಬಂದುದನ್ನು ಸಂಶಯಪಡದೆ ಕೈಕೊಳ್ಳುವುದೇ ಪ್ರಸಾದಭಾವ. 2018ರ ಡಿಸೆಂಬರ್ 14ರಂದು ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದವನ್ನುಂಡು 17 ಮಂದಿ ಅಸುನೀಗಿದರು. ಮರುದಿನದ ಪತ್ರಿಕೆಗಳಲ್ಲಿ ‘ವಿಷಪ್ರಸಾದ’ ಎಂಬ ಸಮಾಸ ಅಚ್ಚಾಯಿತು. ವ್ಯಾಕರಣದ ದೃಷ್ಟಿಯಿಂದ ಅದು ಸಾಧುವಾದ ಸಮಾಸ. ಅರ್ಥದ ದೃಷ್ಟಿಯಿಂದ ಅದರ ಎರಡು ಪದಗಳು ಒಂದರೊಡನೊಂದು ಇರಲಾರವು. ಪರಸ್ಪರ ಕೊಲ್ಲುವ ಎರಡು ಶಬ್ದಗಳನ್ನು ಚರಿತ್ರೆ ಒಂದೇ ನೊಗಕ್ಕೆ ಹೂಡಿತು.

ಈ ಉದಾಹರಣೆಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಅರಸರು, ಅಧಿಕಾರಿಗಳು, ಕಾಯಿದೆಗಳು ತಂದ ಅರ್ಥಗಳು ಆ ಅಧಿಕಾರ ಇರುವಷ್ಟು ಕಾಲ ಬಾಳಿ, ಅನಂತರ ಮನೆಹೆಸರಿನಲ್ಲೋ ಗಾದೆಯಲ್ಲೋ ಬೈಗುಳದಲ್ಲೋ ಅವಿತುಕೊಳ್ಳುತ್ತವೆ. ಅಮಲ್ದಾರ, ಜಹಗೀರು, ಫಿರ್ಕಾಗಳ ಗತಿ ಇದು. ಆದರೆ ಜನರು ತಮ್ಮ ನಡೆಯಿಂದ ತುಂಬಿದ ಅರ್ಥ ದೀರ್ಘಾಯುವಾಗಿರುತ್ತದೆ. ಕಲ್ಯಾಣದ ಪ್ರಭುತ್ವ ಹೋಗಿ ಶತಮಾನಗಳಾದರೂ ಕಾಯಕ, ದಾಸೋಹಗಳು ಇಂದಿಗೂ ನಡೆಯುವ ನಾಣ್ಯಗಳಾಗಿವೆ. ಅವಕ್ಕೆ ಯಾವ ದೊರೆಯ ಮುದ್ರೆಯೂ ಇರಲಿಲ್ಲ. ಅವನ್ನು ಚಲಾವಣೆಗೆ ತಂದವರು ದುಡಿದು ಉಂಡ ಜನ.

ಎರಡನೆಯದು, ಇಂಥ ಶಬ್ದಗಳೂ ಸುರಕ್ಷಿತವಲ್ಲ ಎಂಬುದು. 2002ರಲ್ಲಿ ಕರ್ನಾಟಕ ಸರ್ಕಾರವು ಶಾಲಾಮಕ್ಕಳ ಮಧ್ಯಾಹ್ನದ ಊಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಸಿದ್ಧಗಂಗೆಯಂಥ ಮಠಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಿಂದ ಗಳಿಸಿದ ಗೌರವದ ನೆರಳು ಆ ಹೆಸರಿನಲ್ಲಿದೆ. ಹೆಸರು ಸೊಗಸಾಗಿದೆ, ಉದ್ದೇಶ ಘನವಾಗಿದೆ. ಆದರೆ ಅದೇ ಕಾಲದಲ್ಲಿ ಬಡವರಿಗೆ ಸಲ್ಲುವ ಅನ್ನವನ್ನು ಬಿಟ್ಟಿಯೂಟವೆಂದು ಹೀಗಳೆಯುವ ಮಾತೂ ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಬೆಳೆದಿದೆ. ಒಂದೇ ತಟ್ಟೆಯ ಅನ್ನಕ್ಕೆ ಎರಡು ಹೆಸರುಗಳು ಪೈಪೋಟಿ ನಡೆಸುತ್ತಿವೆ. ದಾಸೋಹವೆಂದರೆ ನೀಡುವವನು ತಲೆಬಾಗುತ್ತಾನೆ. ಬಿಟ್ಟಿಯೆಂದರೆ ಉಣ್ಣುವವನು ತಲೆತಗ್ಗಿಸಬೇಕಾಗುತ್ತದೆ. ಹಿಂದೆ ಬಿಟ್ಟಿ ಮಾಡಿ ಬೆನ್ನು ಬಾಗಿದವರ ಮಕ್ಕಳನ್ನೇ ಇಂದು ಬಿಟ್ಟಿ ಉಣ್ಣುವವರೆಂದು ಕರೆಯುವುದು ಭಾಷೆಯ ದೋಷವಲ್ಲ, ಇತಿಹಾಸವನ್ನು ಮರೆತುದರ ಫಲ.

ಯಾವ ಹೆಸರು ಗೆಲ್ಲುತ್ತದೆ ಎಂಬುದನ್ನು ನಿಘಂಟುಕಾರನು ನಿರ್ಧರಿಸಲಾರನು. ಅವನ ಕೆಲಸ ಆದುದನ್ನು ದಾಖಲಿಸುವುದು. ನಿರ್ಧಾರವಾಗುವುದು ಪಂಕ್ತಿಯಲ್ಲಿ ಬಡಿಸುವ ಕೈಯಲ್ಲಿ, ದುಡಿದವನಿಗೆ ಕೂಲಿ ಎಣಿಸುವ ಕೈಯಲ್ಲಿ, ಕಾಡಿನ ಬಾಗಿಲಲ್ಲಿ ನಿಂತು ಚೀಟಿ ಕೇಳುವ ಕೈಯಲ್ಲಿ. ಸುಳವಾಡಿಯ ದುರಂತವನ್ನು ಕಂಡ ಮೇಲೂ ಮಾದಪ್ಪನ ಬೆಟ್ಟಕ್ಕೆ ಹತ್ತುವ ಭಕ್ತರು ಪ್ರಸಾದಕ್ಕೆ ಕೈಯೊಡ್ಡುವುದನ್ನು ನಿಲ್ಲಿಸಿಲ್ಲ. ಆ ಶಬ್ದದ ಮೇಲೆ ಅವರು ಇಟ್ಟಿರುವ ವಿಶ್ವಾಸವನ್ನು ಉಳಿಸುವ ಹೊಣೆ, ಪ್ರತಿದಿನವೂ, ಬಡಿಸುವವರ ಮೇಲಿದೆ.